ಮಠದ ಮನೆ ಎಷ್ಟು ಅಂಕಣದ್ದು?

ಶಾಸನ ಸಿಕ್ಕಾಗ ನಾವು ಮೊದಲು ಹುಡುಕೋದು ರಾಜ, ತಿಥಿ, ದೇವರು. ದಾನ ಹಿಡಿದ ಗುರು ಎಲ್ಲಿ ವಾಸವಿದ್ದ ಅಂತ ಕೇಳೋರು ಕಡಿಮೆ.

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ದಾನಿಯು ಸ್ಥಾನಾಚಾರ್ಯನ ಕಾಲು ತೊಳೆದು ಭೂಮಿ ಬಿಡುವುದು ರೂಢಿ. ಅದರ ಹುಟ್ಟುವಳಿ ದೇವರ ಅಂಗಭೋಗಕ್ಕೆ, ತಪೋಧನರ ಊಟಕ್ಕೆ, ವಿದ್ಯಾದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ. ಈ ಕೊನೆಯದು ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಮಾಡುವ ಖರ್ಚು. ಎಂಜಿನಿಯರ್ ಆದ ನನಗೆ ಶಾಸನದಲ್ಲಿ ಇಷ್ಟವಾಗೋ ಪದ ಇದೇ!

ಇಂಗ್ಲೆಂಡಿನ ಹಳ್ಳಿ ಪಾದ್ರಿಗೂ ಹೀಗೇ ಉಂಬಳಿ ಭೂಮಿ, ಜೊತೆಗೆ ರೆಕ್ಟರಿ ಅನ್ನೋ ಮನೆ. 1604ರ ಚರ್ಚ್ ನಿಯಮದಂತೆ ಅವುಗಳ ಪಟ್ಟಿ ಬರೆದಿಡಬೇಕಿತ್ತು. ಹಲವು ಪಟ್ಟಿಗಳಲ್ಲಿ ಮನೆ ಎಷ್ಟು ಅಂಕಣ, ಯಾವ ಕೋಣೆ ಅನ್ನೋದೂ ಇದೆ. ಮನೆ ಬಿದ್ದುಹೋದರೂ ನಕ್ಷೆ ಹಾಕಬಹುದು.

ನಮ್ಮ ಶಾಸನಕಾರ ಅಂಕಣ ಎಣಿಸಲ್ಲ, ಕೆಲಸ ಎಣಿಸುತ್ತಾನೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ (ಶಿಕಾರಿಪುರ 102) ನೋಡಿ. ಕಳಚುರಿ ಬಿಜ್ಜಳನ ಕಾಲದ್ದು, ಮಠಾಧಿಪತಿ ಕಾಳಾಮುಖ ಗುರು ವಾಮಶಕ್ತಿ. ಅಲ್ಲಿ ವೇದ, ಪಾಣಿನಿ–ಶಾಕಟಾಯನರ ವ್ಯಾಕರಣ, ಷಡ್ದರ್ಶನ, ಪುರಾಣಗಳ ಪಾಠ ನಡೀತಿತ್ತು. ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನ. ಕ್ಷಪಣಕರಿಗೂ ಏಕದಂಡಿ, ತ್ರಿದಂಡಿಗಳಿಗೂ ಅನ್ನ. ರೋಗಿಗಳಿಗೆ ಮದ್ದು. ಹೊಗಳಿಕೆಯ ಪಾಲು ಕಳೆದರೂ ಇದು ಒಬ್ಬ ಗುರುವಿನ ಸಣ್ಣ ಮನೆಯಲ್ಲಿ ಹಿಡಿಸೋ ಕೆಲಸವಲ್ಲ. ದೊಡ್ಡ ಅಡುಗೆಮನೆ, ಕಣಜ, ಪಾಠಕ್ಕೆ ಪಡಸಾಲೆ, ರೋಗಿ ಮಲಗಲು ಜಾಗ, ನೀರು, ಇಷ್ಟಾದರೂ ಬೇಕೇಬೇಕು.

ಇಂದು ಅಲ್ಲಿ ಎದ್ದು ಕಾಣೋದು ಬಳಪದ ಕಲ್ಲಿನ ಕೇದಾರೇಶ್ವರ ಗುಡಿ.

ಗುಡಿ ಉಳಿದು ಮನೆ ಯಾಕೆ ಹೋಗುತ್ತೆ? ನಮ್ಮ ಸಾಲಗುಂದದ ಕಡೆಯ ಹಳೇ ಮಣ್ಣಿನ ಮಾಳಿಗೆ ನೋಡಿದರೆ ತಿಳಿಯುತ್ತೆ. ತೊಲೆ, ಜಂತಿ, ಮೇಲೆ ಮೇಲ್ಮುದ್ದೆ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಡಿಯದಿದ್ದರೆ ನೀರು ಇಳಿಯುತ್ತೆ, ತೊಲೆ ಕೊಳೆಯುತ್ತೆ, ಮಾಳಿಗೆ ಕೂತ ಮೇಲೆ ಗೋಡೆ ಕರಗುತ್ತೆ. ಕಲ್ಲಿನ ಗುಡಿ ರಿಪೇರಿಯಿಲ್ಲದೆ ನೂರಾರು ವರ್ಷ ತಡೀತದೆ, ಮಾಳಿಗೆ ಮನೆ ತಡಿಯಲ್ಲ. ಭೂಮಿ ಕೈತಪ್ಪಿದ್ದೇ ತಡ, ಮನೆ ದಿನ್ನಿಯಾಗುತ್ತೆ.

ಆ ದಿನ್ನಿಯೇ ಮನೆಯ ಉಳಿದ ದಾಖಲೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದಮೇಲೆ ಸಿಂಧನೂರು ಸೀಮೆಯಲ್ಲಿ ಭತ್ತಕ್ಕೆ ಹೊಲ ಮಟ್ಟ ಮಾಡೋದು ನಿಂತಿಲ್ಲ. ಶಾಸನದ ಕಲ್ಲನ್ನು ರೈತರು ಭಕ್ತಿಯಿಂದ ಬದುವಿಗೆ ಸರಿಸಿ ನಿಲ್ಲಿಸ್ತಾರೆ, ಮಣ್ಣಿನ ದಿಬ್ಬವನ್ನು ಯಾರು ಸರಿಸಿ ಇಡ್ತಾರೆ? ಅದಕ್ಕೆ ನಾನೀಗ ಕಲ್ಲಿನ ಅಳತೆ ಬರೆಯುವಾಗಲೇ ಸುತ್ತಲ ದಿನ್ನಿಯ ಉದ್ದ, ಅಗಲ, ಗುಡಿಯಿಂದ ಎಷ್ಟು ಹೆಜ್ಜೆ, ಹತ್ತಿರ ಬಾವಿ ಇದೆಯೋ, ಬೀಸುಕಲ್ಲು ಸಿಕ್ಕಿತೋ ಅಂತ ಅದೇ ಹಾಳೆಯಲ್ಲಿ ಬರೆದುಕೊಳ್ತೀನಿ.