ಗ್ರಂಥಪಾಲಕನ ಬೆನ್ನು ಹತ್ತಿ ಬೊರ್ನಿಯೊ ಕಾಡಿಗೆ

ಇಂಗ್ಲೆಂಡಿನ ಫ್ಯಾಂಟಸಿ ಕಾದಂಬರಿಕಾರ ಟೆರಿ ಪ್ರಾಚೆಟ್ 1980ರ ಹೊತ್ತಿಗೆ ಮಾಡುತ್ತಿದ್ದ ಕೆಲಸ ಕೇಳಿದರೆ ನಗು ಬರುತ್ತದೆ. ವಿದ್ಯುತ್ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿ, ಅವರ ವ್ಯಾಪ್ತಿಗೆ ಮೂರು ಅಣು ಸ್ಥಾವರಗಳು! ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣು ಅಪಘಾತದ ಸುದ್ದಿ ಆಗಿನ್ನೂ ಹಸಿಯಾಗಿತ್ತು. 'ಏನೂ ಆಗಿಲ್ಲ, ಗಾಬರಿಯಾಗಬೇಡಿ' ಎಂದು ಪತ್ರಕರ್ತರನ್ನು ಸಮಾಧಾನಪಡಿಸುವ ಕೆಲಸ ಎಷ್ಟು ಕಷ್ಟವೆಂದು ಬಿ.ಇ. ಓದುತ್ತಿರುವ ನಾನು ಊಹಿಸಬಲ್ಲೆ.

ಅವರ ಬಳಿ ಪದವಿ ಇರಲಿಲ್ಲ. ಹದಿನೇಳಕ್ಕೇ ಶಾಲೆ ಬಿಟ್ಟು ಊರಿನ ಪತ್ರಿಕೆ ಸೇರಿದವರು. ಮೊದಲ ಕಾದಂಬರಿ 1971ರಲ್ಲಿ ಬಂತು, ಹೆಸರು ತಂದ 'ಡಿಸ್ಕ್‌ವರ್ಲ್ಡ್' ಸರಣಿ ಶುರುವಾಗಿದ್ದು 1983ರಲ್ಲಿ. ಆಫೀಸು ಮುಗಿಸಿ ಬಂದು ರಾತ್ರಿ 400 ಪದ ಬರೆಯುತ್ತಿದ್ದರಂತೆ. ಕೆಲಸ ಬಿಟ್ಟದ್ದು 1987ರಲ್ಲಿ. ಪ್ಲೇಸ್‌ಮೆಂಟ್ ಆದಮೇಲೆ ಕವಿತೆ, ಗಿಟಾರು, ಚಾರಣ ಎಲ್ಲಕ್ಕೂ ಎಳ್ಳುನೀರು ಬಿಡಬೇಕು ಅಂದುಕೊಂಡಿರುವ ನನ್ನ ಗೆಳೆಯರಿಗೆ ಈ 400ರ ಲೆಕ್ಕ ಹೇಳುತ್ತಿರುತ್ತೇನೆ.

ಡಿಸ್ಕ್‌ವರ್ಲ್ಡ್ ಅಂದರೆ ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ತಟ್ಟೆಯಂಥ ಭೂಮಿ. ದಿಗ್ಗಜ, ಕೂರ್ಮಗಳ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ. ನನಗೆ ಹಿಡಿಸಿದ್ದು ಅಲ್ಲಿನ ಮಂತ್ರವಾದಿಗಳ ವಿಶ್ವವಿದ್ಯಾಲಯದ ಗ್ರಂಥಪಾಲಕ. ಮಾಯೆಯ ಅವಘಡದಲ್ಲಿ ಆತ ಒರಾಂಗುಟಾನ್ ಆಗಿಬಿಡುತ್ತಾನೆ. ಮತ್ತೆ ಮನುಷ್ಯನಾಗಲು ಮಾತ್ರ ಒಲ್ಲೆ ಅನ್ನುತ್ತಾನೆ! ಉದ್ದ ಕೈಗಳಿಂದ ಮೇಲಿನ ಕಪಾಟು ಸುಲಭವಾಗಿ ಸಿಗುತ್ತದೆ. ಆಡುವ ಮಾತು 'ಊಕ್' ಒಂದೇ. ಯಾರಾದರೂ 'ಮಂಗ' ಅಂದರೋ, ಮುಗಿಯಿತು ಅವರ ಕಥೆ.

ತಮಾಷೆಗೆ ಸೃಷ್ಟಿಸಿದ ಪಾತ್ರ ತಮಾಷೆಯಲ್ಲೇ ಮುಗಿಯಬಹುದಿತ್ತು. ಪ್ರಾಚೆಟ್ ಒರಾಂಗುಟಾನ್ ರಕ್ಷಣೆಗೆ ದುಡಿಯುವ ಸಂಸ್ಥೆಯ ಟ್ರಸ್ಟಿಯಾದರು. 1995ರಲ್ಲಿ ಟಿ.ವಿ. ತಂಡದೊಂದಿಗೆ ಬೊರ್ನಿಯೊ ಕಾಡಿಗೇ ಹೋದರು. ಅವರ ಓದುಗರ ಸಮಾವೇಶಗಳೂ ಅದೇ ಸಂಸ್ಥೆಗೆ ಹಣ ಕೂಡಿಸತೊಡಗಿದವು. ಪುಸ್ತಕ ಓದಿ ನಕ್ಕವರು ಕಾಡಿಗಾಗಿ ಜೇಬಿಗೆ ಕೈ ಹಾಕಿದ್ದು ನನಗೆ ಪ್ರಶಸ್ತಿಗಿಂತ ದೊಡ್ಡದಾಗಿ ಕಾಣುತ್ತದೆ.

2007ರಲ್ಲಿ ಅವರು ತಮಗೆ ಅಪರೂಪದ ಬಗೆಯ ಅಲ್ಜೈಮರ್ ಇರುವುದನ್ನು ಬಹಿರಂಗಪಡಿಸಿದರು. ಮರುವರ್ಷ ಆ ರೋಗದ ಸಂಶೋಧನೆಗೆ ಹತ್ತು ಲಕ್ಷ ಡಾಲರ್ ಕೊಟ್ಟರು. ಕೀಬೋರ್ಡ್ ಕೈಗೆ ಬಗ್ಗದಾಗ ಬಾಯಲ್ಲಿ ಹೇಳಿ ಬರೆಸಿದರು. ಆ ಸ್ಥಿತಿಯಲ್ಲೂ ಇನ್ನೊಂದು ಸಾಕ್ಷ್ಯಚಿತ್ರಕ್ಕಾಗಿ ಬೊರ್ನಿಯೊಗೆ ಮರಳಿದರು, 2013ರಲ್ಲಿ ಅದು ಪ್ರಸಾರವಾಯಿತು. ತಮ್ಮ ನೆನಪೇ ಕರಗುತ್ತಿರುವ ಮನುಷ್ಯ, ಕರಗುತ್ತಿರುವ ಕಾಡನ್ನು ನೋಡಲು ಹೋಗಿದ್ದರು.

ಪ್ರಾಚೆಟ್ 2015ರ ಮಾರ್ಚ್‌ನಲ್ಲಿ ತೀರಿಕೊಂಡರು. ಡಿಸ್ಕ್‌ವರ್ಲ್ಡ್ ಕಾದಂಬರಿಗಳೇ ಒಟ್ಟು 41. ಅವರ ಇಚ್ಛೆಯಂತೆ, ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು 2017ರಲ್ಲಿ ಹಳೆಯ ಸ್ಟೀಮ್ ರೋಲರ್ ಹರಿಸಿ ಪುಡಿ ಮಾಡಲಾಯಿತು. ಬ್ಯಾಕಪ್ ಇಲ್ಲದೆ ನಿದ್ದೆ ಬಾರದ ನಮ್ಮ ಕ್ಲಾಸಿನವರಿಗೆ ಇದನ್ನು ಹೇಳಿದರೆ ಎದೆ ಹಿಡಿದುಕೊಳ್ಳುತ್ತಾರೆ.

ಅವರು ತೀರಿಕೊಂಡ ಮರುವರ್ಷ ಬೊರ್ನಿಯೊ ಒರಾಂಗುಟಾನ್ 'ತೀವ್ರ ಅಪಾಯದಂಚಿನ' ಪ್ರಭೇದಗಳ ಪಟ್ಟಿ ಸೇರಿತು. ತಾಯಿ ಒರಾಂಗುಟಾನ್ ಏಳೆಂಟು ವರ್ಷಕ್ಕೊಮ್ಮೆ ಒಂದು ಮರಿ ಹಾಕುತ್ತದೆ, ಕಾಡು ಕಡಿಯುವವರಿಗೆ ಅಷ್ಟು ತಾಳ್ಮೆಯಿಲ್ಲ. ಅಲ್ಲಿ ಕಾಡಿದ್ದ ಎಷ್ಟೋ ಜಾಗದಲ್ಲೀಗ ತಾಳೆ ತೋಟ. ಆ ಎಣ್ಣೆಯನ್ನು ಅತಿ ಹೆಚ್ಚು ಕೊಳ್ಳುವವರಲ್ಲಿ ನಾವೂ ಇದ್ದೇವೆ. ಇತ್ತೀಚೆಗೆ ಬಿಸ್ಕತ್ತು ಪ್ಯಾಕೆಟ್‌ನ ಹಿಂಬದಿ ಓದುವ ಚಟ ಹತ್ತಿದೆ ನನಗೆ. ನಮ್ಮ ಹಾಸ್ಟೆಲ್ ಮೆಸ್ಸಿನ ಎಣ್ಣೆ ಡಬ್ಬದ ಮೇಲೂ ಅದೇ ಹೆಸರಿದೆ.