ಆಟದ ಬಯಲಿಗೆ ಯಾವ ಕ್ಯಾಮರಾ?

ಭಾನುವಾರದ ಕ್ರೀಡಾಕೂಟಗಳಲ್ಲಿ ಈಚೆಗೆ ಆಟಗಾರರಷ್ಟೇ ಉತ್ಸಾಹದಿಂದ ಓಡಾಡುವ, ಕೊರಳಿಗೆ ಕ್ಯಾಮರಾ ತೂಗಹಾಕಿಕೊಂಡ ತರುಣರೂ ಕಾಣಸಿಗುತ್ತಿರುವುದು ಸಂತೋಷದ ಸಂಗತಿ. ಹೋಟೆಲುಗಳಲ್ಲಿ ದುಡಿಯುವವರೂ ಕಚೇರಿಗಳ ಗುಮಾಸ್ತರೂ ಇವರಲ್ಲಿದ್ದಾರೆ. ಇವರೆಲ್ಲರ ಪ್ರಶ್ನೆಯೂ ಒಂದೇ: ಕ್ಯಾನನ್ ಕೊಳ್ಳಬೇಕೋ, ನಿಕಾನ್ ಕೊಳ್ಳಬೇಕೋ, ಅಥವಾ ಸೋನಿಯೇ ಆದೀತೋ? ಹೀಗೆ ಕೇಳುವವನು ಹಲವು ತಿಂಗಳ ಉಳಿತಾಯವನ್ನು, ಊರಿನ ಮನೆಗೆ ತಲಪಬೇಕಾಗಿದ್ದ ಹಣದ ಒಂದು ಪಾಲನ್ನು, ಈ ಪುಟ್ಟ ಯಂತ್ರಕ್ಕೆ ಸುರಿಯಲಿರುವನು. ಆದುದರಿಂದ ಯಾರ ಪಕ್ಷವನ್ನೂ ವಹಿಸದೆ ವಿಷಯವನ್ನು ವಿಚಾರಮಾಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಈ ಪೈಪೋಟಿಯ ಪೂರ್ವಚರಿತ್ರೆಯನ್ನು ತುಸು ನೋಡೋಣ. ಇಂದು ನಿಕಾನ್ ಎಂದು ಹೆಸರಾದ ಜಪಾನಿನ ಸಂಸ್ಥೆಯು ೧೯೧೭ರಲ್ಲಿ ನಿಪ್ಪಾನ್ ಕೊಗಾಕು ಎಂಬ ಹೆಸರಿನಿಂದ ಹುಟ್ಟಿತು. ಕ್ಯಾನನ್ನಿನ ಮೂಲವು ೧೯೩೩ರಲ್ಲಿ ಟೋಕಿಯೋದಲ್ಲಿ ಆರಂಭವಾದ ಒಂದು ಸಣ್ಣ ಪ್ರಯೋಗಶಾಲೆ. ೧೯೩೬ರಲ್ಲಿ ಮಾರಾಟಕ್ಕೆ ಬಂದ ಹಾನ್ಸಾ ಕ್ಯಾನನ್ ಕ್ಯಾಮರಾಕ್ಕೆ ಲೆನ್ಸನ್ನು ಮಾಡಿಕೊಟ್ಟುದು ನಿಪ್ಪಾನ್ ಕೊಗಾಕುವೇ! ಯಾವ ಎರಡು ಹೆಸರುಗಳಿಗಾಗಿ ನಮ್ಮ ತರುಣರು ಮುಂದಿಟ್ಟ ಚಹಾ ಆರುವವರೆಗೂ ವಾದಿಸುವರೋ ಆ ಎರಡು ಮನೆತನಗಳೂ ಒಮ್ಮೆ ಒಂದೇ ಕ್ಯಾಮರಾದಲ್ಲಿ ಕೂಡಿದ್ದುವು.

೧೯೫೯ರಲ್ಲಿ ಬಂದ ನಿಕಾನ್ ಎಫ್ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಬಹುಕಾಲ ಮೆರೆಯಿತು. ೧೯೮೭ರಲ್ಲಿ ಕ್ಯಾನನ್ ಸಂಸ್ಥೆಯು ಒಂದು ಸಾಹಸಕ್ಕೆ ಕೈಹಾಕಿತು. ತನ್ನದೇ ಹಳೆಯ ಲೆನ್ಸುಗಳು ಕೂಡದಂತಹ ಹೊಸ ಜೋಡಣೆಯನ್ನು ತಂದು, ಫೋಕಸ್ ಮಾಡುವ ಮೋಟಾರನ್ನು ಲೆನ್ಸಿನ ಒಳಗೇ ಇರಿಸಿತು. ಹಳೆಯ ಗಿರಾಕಿಗಳು ಸಿಡಿಮಿಡಿಗೊಂಡರು. ಆದರೆ ಓಡುವ ಆಟಗಾರನನ್ನು ಬೆಂಬತ್ತುವಲ್ಲಿ ಆ ಲೆನ್ಸುಗಳು ಚುರುಕಾಗಿದ್ದುದರಿಂದ ಮುಂದಿನ ದಶಕದಲ್ಲಿ ಕ್ರೀಡಾಂಗಣಗಳ ಅಂಚಿನಲ್ಲಿ ಕ್ಯಾನನ್ನಿನ ಬಿಳಿಯ ಲೆನ್ಸುಗಳೇ ಸಾಲುಗಟ್ಟಿದುವು. ೨೦೦೭ರಲ್ಲಿ ನಿಕಾನ್ ಡಿ೩ ಮಂದಬೆಳಕಿನಲ್ಲಿಯೂ ತಿಳಿಯಾದ ಚಿತ್ರವನ್ನಿತ್ತು ತನ್ನ ಮನೆತನದ ಮರ್ಯಾದೆಯನ್ನು ಮರಳಿ ಗಳಿಸಿತು. ೨೦೦೬ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮರಾ ವ್ಯವಹಾರವನ್ನು ವಹಿಸಿಕೊಂಡ ಸೋನಿಯು ೨೦೧೭ರಲ್ಲಿ ಸೆಕೆಂಡಿಗೆ ೨೦ ಚಿತ್ರಗಳನ್ನು ಹಿಡಿಯುವ ಆಲ್ಫಾ ೯ ಕ್ಯಾಮರಾವನ್ನು ತಂದಿತು; ೨೦೨೦ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ತನ್ನ ಛಾಯಾಗ್ರಾಹಕರಿಗೆ ಸೋನಿಯನ್ನೇ ಆರಿಸಿಕೊಂಡಿತು. ಅನಂತರ ೨೦೨೧ರಲ್ಲಿ ನಿಕಾನ್ ಜೆಡ್ ೯, ೨೦೨೩ರಲ್ಲಿ ಸೆಕೆಂಡಿಗೆ ೧೨೦ ಚಿತ್ರಗಳ ಸೋನಿ, ೨೦೨೪ರಲ್ಲಿ ೪೦ ಚಿತ್ರಗಳ ಕ್ಯಾನನ್ ಆರ್ ೧ ಒಂದರ ಹಿಂದೊಂದರಂತೆ ಬಂದುವು. ಈ ಓಟದಲ್ಲಿ ಮೊದಲ ಸ್ಥಾನವು ಯಾರಿಗೂ ಶಾಶ್ವತವಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ. ಇಂದಿನ ಗೆಲುವನ್ನು ನೋಡಿ ಹೆಸರನ್ನು ಕೊಂಡವನು ನಾಳೆ ಕೊರಗಬೇಕಾದೀತು.

ಹಾಗಾದರೆ ನೋಡತಕ್ಕದ್ದೇನು? ಆಟದ ಚಿತ್ರಕ್ಕೆ ಬೇಕಾದುದು ವೇಗವಾದ ಷಟರ್. ಹಗಲಿನ ಕ್ರಿಕೆಟ್ಟಿನಲ್ಲಿ ಬೀಸುವ ಬ್ಯಾಟನ್ನು ನಿಲ್ಲಿಸಿ ತೋರಿಸಲು ಸೆಕೆಂಡಿನ ಸಾವಿರದಲ್ಲೊಂದು ಭಾಗವಾದರೂ ಬೇಕು. ಷಟರ್ ವೇಗವಾದಷ್ಟೂ ಒಳಬರುವ ಬೆಳಕು ಕಡಿಮೆ. ಆ ಕೊರತೆಯನ್ನು ತುಂಬಿಕೊಡುವುದು ಲೆನ್ಸಿನ ದ್ವಾರ. ಎಫ್ ೨.೮ರ ದ್ವಾರವು ಎಫ್ ೫.೬ರ ದ್ವಾರಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಬಿಡುತ್ತದೆ. ಕ್ಯಾಮರಾದೊಡನೆ ಪೆಟ್ಟಿಗೆಯಲ್ಲಿ ಬರುವ ಸಾಮಾನ್ಯ ಲೆನ್ಸು ಜೂಮ್ ಮಾಡಿದಾಗ ಬಹುಮಟ್ಟಿಗೆ ಈ ಎಫ್ ೫.೬ಕ್ಕೇ ನಿಲ್ಲುವುದು. ಹೊನಲು ಬೆಳಕಿನ ಕಬಡ್ಡಿಯಲ್ಲಿ ಅದರಿಂದ ದೊರೆಯುವುದು ಮಸುಕು ಮಸುಕಾದ ಕೈಕಾಲುಗಳ ಗೊಂದಲ ಮಾತ್ರ. ಅದಕ್ಕೆ ಕ್ಯಾಮರಾದ ಹೆಸರನ್ನು ದೂರಿ ಫಲವಿಲ್ಲ.

ಆದುದರಿಂದ ಆಯ್ಕೆಯ ಕ್ರಮವು ಹೀಗಿರಬೇಕೆಂದು ನಮ್ಮ ಅಭಿಪ್ರಾಯ: ಮೊದಲು ಆಟ, ಆಮೇಲೆ ಲೆನ್ಸು, ಅದರ ತರುವಾಯ ಕ್ಯಾಮರಾ, ಕಟ್ಟಕಡೆಗೆ ಹೆಸರು. ಕಬಡ್ಡಿಯ ಅಂಗಳವು ೧೩ ಮೀಟರ್ ಉದ್ದ, ೧೦ ಮೀಟರ್ ಅಗಲವುಳ್ಳದ್ದು. ಗೆರೆಯ ಬಳಿ ಕುಳಿತವನಿಗೆ ೮೫ ಮಿ.ಮೀ., ಎಫ್ ೧.೮ರ ಒಂದು ಸಣ್ಣ ಲೆನ್ಸು ಸಾಕು. ಅದು ಎಫ್ ೫.೬ಕ್ಕಿಂತ ಒಂಬತ್ತು ಪಟ್ಟಿಗೂ ಮಿಕ್ಕಿ ಬೆಳಕನ್ನು ಕೊಡುತ್ತದೆ. ವಾಲಿಬಾಲಿಗೂ ಇದೇ ಮಾತು. ಕ್ರಿಕೆಟ್ಟಿನ ಬಯಲು ವಿಶಾಲವಾದುದು. ಅಲ್ಲಿ ೩೦೦ ಮಿ.ಮೀ.ಗಿಂತ ಕಡಿಮೆಯಾದರೆ ಆಟಗಾರನು ಇರುವೆಯಂತೆ ಕಾಣುವನು. ಆದರೆ ಹಗಲ ಬೆಳಕು ಧಾರಾಳವಾಗಿರುವುದರಿಂದ ೭೦-೩೦೦ರ ಅಗ್ಗದ ಲೆನ್ಸಿನಿಂದಲೂ ಕೆಲಸ ಸಾಗುತ್ತದೆ. ಸಣ್ಣ ಸೆನ್ಸರಿನ ಕ್ಯಾಮರಾದಲ್ಲಿ ಇದೇ ೩೦೦ ಮಿ.ಮೀ. ಸುಮಾರು ೪೫೦ರಷ್ಟು ಹತ್ತಿರ ತೋರಿಸುವುದರಿಂದ ಬಡವನಿಗೆ ಅದು ಅನುಕೂಲವೇ ಸರಿ.

ಇನ್ನು ಹೆಸರಿನ ಮಾತು. ಒಂದು ಸಂಸ್ಥೆಯ ಲೆನ್ಸು ಇನ್ನೊಂದರ ಕ್ಯಾಮರಾಕ್ಕೆ ಸಲೀಸಾಗಿ ಕೂಡದು. ಕ್ಯಾಮರಾ ಕೊಂಡವನು ಆ ಲೆನ್ಸುಗಳ ಮನೆಗೆ ಅಳಿಯನಾದಂತೆ; ಸಂಬಂಧ ಬಿಡಿಸಿಕೊಳ್ಳುವುದು ದುಬಾರಿ. ೨೦೨೦ರ ತರುವಾಯ ಕ್ಯಾನನ್ ಮತ್ತು ನಿಕಾನ್ ಅಗ್ರಶ್ರೇಣಿಯ ಹೊಸ ಕನ್ನಡಿ ಕ್ಯಾಮರಾವನ್ನು ಹೊರತಂದಿಲ್ಲ; ಅವುಗಳ ಗಮನವೆಲ್ಲ ಕನ್ನಡಿಯಿಲ್ಲದ ಕ್ಯಾಮರಾಗಳತ್ತ ಹರಿದಿದೆ. ಹಾಗಾಗಿ ಹಳೆಯ ಕನ್ನಡಿ ಕ್ಯಾಮರಾಗಳು ಸೆಕೆಂಡ್ ಹ್ಯಾಂಡಿನಲ್ಲಿ ಕೈಗೆಟಕುತ್ತವೆ. ಕ್ಯಾನನ್ನಿನ ಹಳೆಯ ಇಎಫ್ ಲೆನ್ಸುಗಳು ಅಡಾಪ್ಟರಿನ ಮೂಲಕ ಹೊಸ ಆರ್ ಕ್ಯಾಮರಾಗಳಲ್ಲಿಯೂ ಚೆನ್ನಾಗಿ ನಡೆಯುತ್ತವೆ. ನಿಕಾನ್ ಕೊಳ್ಳುವವರು ಒಂದನ್ನು ಗಮನಿಸಬೇಕು: ಒಳಗೆ ಮೋಟಾರಿಲ್ಲದ ಹಳೆಯ ಲೆನ್ಸುಗಳು ಡಿ೩೦೦೦, ಡಿ೫೦೦೦ ಶ್ರೇಣಿಯ ಅಗ್ಗದ ಕ್ಯಾಮರಾಗಳಲ್ಲಿ ತಾವಾಗಿ ಫೋಕಸ್ ಮಾಡಲಾರವು. ಸೋನಿಗೆ ಸಿಗ್ಮಾ, ಟ್ಯಾಮ್ರಾನ್ ಮೊದಲಾದ ಅನ್ಯ ತಯಾರಕರ ಲೆನ್ಸುಗಳು ಹೇರಳವಾಗಿವೆ. ಹೊಸದನ್ನೇ ಕೊಳ್ಳುವ ಶಕ್ತಿಯುಳ್ಳವನಿಗೆ ಇದೊಂದು ಸೌಕರ್ಯ.

ಮುಂಬಯಿಯ ಬೋರಾ ಬಜಾರಿನಂತಹ ಪೇಟೆಯಲ್ಲಿ ಹಳೆಯ ಸರಕು ಕೊಳ್ಳುವವರು ಅವಸರಪಡಬಾರದು. ಟಾರ್ಚಿನ ಬೆಳಕನ್ನು ಲೆನ್ಸಿನೊಳಗೆ ಹಾಯಿಸಿ ನೋಡಬೇಕು. ಜೇಡನ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಬೇಕು. ಷಟರ್ ಎಷ್ಟು ಬಾರಿ ಬಡಿದಿದೆಯೆಂದು ವಿಚಾರಿಸಬೇಕು. ಅಂಗಡಿಯ ಮುಂದಿನ ರಸ್ತೆಯಲ್ಲಿ ಓಡುವ ಬಸ್ಸಿನ ಮೇಲೆ ಫೋಕಸನ್ನು ಪರೀಕ್ಷಿಸಬೇಕು. ರಸೀದಿಯಿಲ್ಲದೆ ಹಣ ಕೊಡಲಾಗದು. ಮನೆಗೆ ತಂದ ಮೇಲೆ ಅಡಿಗೆಮನೆಯ ಎಣ್ಣೆಯ ಹೊಗೆ, ಸಮುದ್ರತೀರದ ತೇವ ಇವೆರಡೂ ಲೆನ್ಸಿಗೆ ವೈರಿಗಳು. ಹೋಟೆಲಿನ ಅಟ್ಟದಲ್ಲಿ ಮಲಗುವ ಹುಡುಗರು ಇದನ್ನು ಮುಖ್ಯವಾಗಿ ನೆನಪಿಡಬೇಕು. ಬಿಗಿಯಾದ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಇಷ್ಟಿದ್ದರೆ ಸಾಕು. ಸಾಲ ಮಾಡಿ ಕಂತಿನಲ್ಲಿ ಕೊಳ್ಳುವುದಕ್ಕೆ ಮೊದಲು, ಬಾಡಿಗೆಗೆ ತಂದು ಒಂದು ಭಾನುವಾರ ಹಿಡಿದು ನೋಡುವುದು ಮೇಲು.

ಕೊನೆಯದಾಗಿ ಒಂದು ಸಲಹೆ. ಒಂದೇ ಖೋಲಿಯಲ್ಲಿರುವ ನಾಲ್ವರು ಗೆಳೆಯರು ನಾಲ್ಕು ಹೆಸರಿನ ಕ್ಯಾಮರಾ ಕೊಳ್ಳುವುದಕ್ಕಿಂತ ಒಂದೇ ಮನೆತನವನ್ನು ಆರಿಸಿಕೊಳ್ಳಲಿ. ಒಬ್ಬನು ೮೫ನ್ನು, ಇನ್ನೊಬ್ಬನು ೭೦-೩೦೦ನ್ನು ಕೊಂಡರೆ ನಾಲ್ವರಿಗೂ ಎರಡೂ ದೊರೆತಂತಾಯಿತು. ಸಂಗಡಿಗನ ಬಳಿ ಯಾವುದಿದೆಯೋ ಅದೇ ನಮ್ಮವರಿಗೆ ಉತ್ತಮವಾದ ಹೆಸರು. ಮಗನು ಪಟ್ಟಣದಲ್ಲಿ ಕಬಡ್ಡಿ ಆಡುವುದನ್ನು ಎಂದೂ ಕಾಣದ ತಾಯಿಯೊಬ್ಬಳಿಗೆ ಊರಿನಲ್ಲಿ ಆ ಚಿತ್ರ ತಲಪಿದಾಗ, ಅದನ್ನು ಯಾವ ಕ್ಯಾಮರಾದಿಂದ ತೆಗೆದುದೆಂದು ಆಕೆ ಕೇಳಲಾರಳು; ಮಗನ ಮುಖವು ಸ್ಪಷ್ಟವಾಗಿದೆಯೇ ಎಂದಷ್ಟೇ ನೋಡುವಳು.