ಶಿಶುವಿನ ಪರಾವರ್ತಿತ ಕ್ರಿಯೆಗಳೂ ಶಾಲೆಯ ಕಲಿಕೆಯೂ

ಮನೆಯಲ್ಲಿ ಹಸುಗೂಸುಳ್ಳ ನಮ್ಮ ವಿದ್ಯಾರ್ಥಿಗಳು ಇದನ್ನು ನೋಡಿಯೇ ಇರುತ್ತಾರೆ. ಕೂಸಿನ ಅಂಗೈಗೆ ಬೆರಳು ತಾಗಿಸಿದರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕೆನ್ನೆ ಸವರಿದರೆ ಆ ಕಡೆಗೆ ಬಾಯಿ ತಿರುಗಿಸುತ್ತದೆ. ಪಾತ್ರೆಯೊಂದು ಠಣ್ಣೆಂದು ಬಿದ್ದರೆ ಎರಡು ತೋಳುಗಳನ್ನೂ ಅಗಲಿಸಿ, ಮರುಕ್ಷಣವೇ ಎದೆಗೆ ಸೆಳೆದುಕೊಂಡು ಅಳುತ್ತದೆ. 'ಮಗು ಬೆಚ್ಚಿತು' ಎಂದು ಅಜ್ಜಿಯಂದಿರು ದೃಷ್ಟಿ ತೆಗೆಯಲು ಹೊರಡುವುದೂ ಉಂಟು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಮಕ್ಕಳ ವೈದ್ಯರಾಗಿದ್ದ ಅರ್ನ್‌ಸ್ಟ್ ಮೋರೋ ಎಂಬವರು 1918ರಲ್ಲಿ ಈ ಬೆಚ್ಚುವಿಕೆಯನ್ನು ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು.

ಇವು ಕೂಸು ಬೇಕೆಂದು ಮಾಡುವ ಚಲನೆಗಳಲ್ಲ. ಬೆನ್ನುಹುರಿ ಮತ್ತು ಮೆದುಳಿನ ಕೆಳಭಾಗದ ಆಜ್ಞೆಯಿಂದ ತಾವಾಗಿ ನಡೆಯತಕ್ಕ ಪರಾವರ್ತಿತ ಕ್ರಿಯೆಗಳು. ಮೆದುಳಿನ ಮೇಲ್ಭಾಗ ಬಲಿತಂತೆ ಅದು ಇವನ್ನು ಅಡಗಿಸುತ್ತದೆ. ಹೆಚ್ಚಿನವು ಸುಮಾರು ಆರು ತಿಂಗಳಿಗೆ ಮರೆಯಾಗುತ್ತವೆ. ಆದರೆ ಅಳಿದುಹೋಗುವುದಿಲ್ಲ. ಮೆದುಳಿನ ಮುಂಭಾಗ ಕೆಟ್ಟ ವಯಸ್ಕರಲ್ಲಿ ಕೂಸಿನ ಆ ಹಿಡಿತವೇ ಮತ್ತೆ ತಲೆದೋರುವುದುಂಟು.

ಶಾಲೆಯ ಮಟ್ಟಿಗೆ ಮುಖ್ಯವಾದುದು ಕತ್ತಿಗೆ ಸಂಬಂಧಿಸಿದ ಕ್ರಿಯೆ. ಅಂಗಾತ ಮಲಗಿದ ಶಿಶು ಬಲಕ್ಕೆ ಮುಖ ತಿರುಗಿಸಿದರೆ ಬಲಗೈ ಚಾಚುತ್ತದೆ, ಎಡಗೈ ಮಡಿಯುತ್ತದೆ. ಕತ್ತಿವರಸೆಗೆ ನಿಂತ ಭಟನ ಭಂಗಿಯೇ ಸರಿ! ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳಲ್ಲಿ ಇದು ವರ್ಷಗಟ್ಟಲೆ ಉಳಿಯಬಹುದು. ತುತ್ತನ್ನು ನೋಡಲು ಮುಖ ತಿರುಗಿಸಿದೊಡನೆ ಕೈ ಬಾಯಿಂದ ದೂರ ಸರಿಯುತ್ತದೆ. ಇತರ ಮಕ್ಕಳಲ್ಲಿಯೂ ಕೆಲವರಿಗೆ ಇದರ ಸುಳಿವು ಉಳಿದಿರುತ್ತದೆ. ಅಂಬೆಗಾಲಿನ ಭಂಗಿಯಲ್ಲಿರಿಸಿ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿದಾಗ ಇನ್ನೊಂದು ಪಕ್ಕದ ಮೊಣಕೈ ಬಾಗುವುದೇ ಎಂದು ಪರೀಕ್ಷಕರು ನೋಡುತ್ತಾರೆ. ಅಂಥ ಮಗು ಕಪ್ಪುಹಲಗೆಯತ್ತ ಕತ್ತು ತಿರುಗಿಸಿದಾಗಲೆಲ್ಲ ಬರೆಯುವ ತೋಳಿನ ಬಿಗಿ ಬದಲಾಗುತ್ತದೆ. ಅದನ್ನು ತಡೆಯಲು ಲೇಖನಿಯನ್ನು ಅದುಮಿ ಹಿಡಿದು ಬೇಗ ದಣಿಯುತ್ತದೆ ಎಂಬುದು ಈ ವಾದದ ತಿರುಳು.

ಉತ್ತರ ಐರ್ಲೆಂಡಿನ ಸಂಶೋಧಕರು ಓದಿನಲ್ಲಿ ಹಿಂದುಳಿದ 60 ಮಕ್ಕಳ ಮೇಲೆ ನಡೆಸಿದ ಪ್ರಯೋಗವೊಂದು 2000ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಶೈಶವದ ಚಲನೆಗಳನ್ನು ಅನುಕರಿಸುವ ವ್ಯಾಯಾಮ ಮಾಡಿದವರ ಓದು ಉಳಿದವರದಕ್ಕಿಂತ ಹೆಚ್ಚು ಸುಧಾರಿಸಿತ್ತು. ಅಷ್ಟರಿಂದಲೇ ಕಾಗುಣಿತ ತಪ್ಪಿದುದಕ್ಕೆಲ್ಲ ತೊಟ್ಟಿಲನ್ನು ದೂರುವುದು ನಮಗೆ ಒಪ್ಪಿಗೆಯಿಲ್ಲ. ಓದಿನ ತೊಡಕು ಬಹುಪಾಲು ನುಡಿಯ ಧ್ವನಿಗಳನ್ನು ಬಿಡಿಸಿ ಗುರುತಿಸುವಲ್ಲಿಯೇ ಇರುತ್ತದೆ. ಅಲ್ಲಿ ಉರುಳಾಟಕ್ಕಿಂತ ಓದಿಸುವುದೇ ಮೊದಲ ಮದ್ದು.

ಅಕ್ಷರಗಳು ಗೆರೆ ಬಿಟ್ಟು ಓಡುತ್ತಿದ್ದ ಇಬ್ಬರು ಹುಡುಗರನ್ನು ನಾವೂ 'ಸೋಮಾರಿಗಳು' ಎಂದು ಗದರಿದವರೇ. ಕಳೆದ ವರ್ಷ ಅವರನ್ನು ಗೋಡೆಯ ಪಕ್ಕದ ಬೆಂಚಿನಿಂದ ಎಬ್ಬಿಸಿ ಹಲಗೆಗೆ ನೇರ ಎದುರಾಗಿ ಕುಳ್ಳಿರಿಸಿದೆವು. ಕಣ್ಣಿನ ವೈದ್ಯರಲ್ಲಿಗೂ ಕಳುಹಿಸಿದೆವು. ಒಬ್ಬನಿಗೆ ಕನ್ನಡಕ ಬಂದಿತು. ಇನ್ನೊಬ್ಬನ ಕಣ್ಣು ಚೆನ್ನಾಗಿಯೇ ಇದೆ. ಕತ್ತು ಹೊರಳಿಸಬೇಕಾಗಿಲ್ಲದ ಆ ಜಾಗದಲ್ಲಿ ಕುಳಿತು ಅವನೀಗ, ನಡುನಡುವೆ ಕೈ ಕೊಡವದೆ, ಒಂದು ಪುಟ ಬರೆದು ಮುಗಿಸುತ್ತಾನೆ.